ಅಂಟಿಸುವ ಮೊದಲು ಬಿಡಿಸುವ ಯೋಚನೆ

ವಿಮಾನವನ್ನು ಹಣ ಕೊಟ್ಟು ಕೊಳ್ಳುವವರಂತೆ, ಅದನ್ನು ಮನೆಯಲ್ಲಿಯೇ ಕಟ್ಟಿಕೊಳ್ಳುವವರೂ ಅಮೆರಿಕದಲ್ಲಿ ಸಾವಿರಾರು ಮಂದಿ ಇದ್ದಾರೆಂದರೆ ಕೆಲವು ವಾಚಕರಿಗೆ ಅಚ್ಚರಿಯಾದೀತು. ಕಾರು ನಿಲ್ಲಬೇಕಾದ ಷೆಡ್ಡಿನಲ್ಲಿ ರೆಕ್ಕೆಗಳನ್ನು ತೂಗುಹಾಕಿಕೊಂಡು, ರಜಾದಿನಗಳ ಬಿಡುವನ್ನೆಲ್ಲ ವರ್ಷಗಟ್ಟಲೆ ಅದಕ್ಕೇ ಧಾರೆಯೆರೆಯುವ ಹವ್ಯಾಸಿಗಳು ಇವರು. ಕೆಲಸದ ಬಹುಪಾಲು ಹವ್ಯಾಸಿಯ ಕೈಯಿಂದಲೇ ಆಗಿದ್ದರೆ ಅಂಥ ವಿಮಾನಕ್ಕೆ ಹಾರುವ ಅನುಮತಿಯನ್ನು ಅಲ್ಲಿನ ಕಾನೂನು ಕೊಡುತ್ತದೆ. ಇವರ ಸಂಘವನ್ನು ಪಾಲ್ ಪೊಬೆರೆಜ್ನಿ ಎಂಬಾತ 1953ರಲ್ಲಿ ಮಿಲ್ವಾಕಿ ನಗರದಲ್ಲಿ ಸ್ಥಾಪಿಸಿದನು. 1970ರಿಂದ ಅದರ ವಾರ್ಷಿಕ ಮೇಳವು ಆಷ್‌ಕಾಷ್ ಎಂಬ ಊರಿನಲ್ಲಿ ನಡೆಯುತ್ತಿದೆ.

ಇಂತಹ ವಿಮಾನವೊಂದನ್ನು ಕಟ್ಟುವವನ ಎದೆ ಯಾವ ಘಟ್ಟದಲ್ಲಿ ಹೆಚ್ಚು ಡವಗುಟ್ಟುತ್ತದೆ? ಎಂಜಿನನ್ನು ಕೂಡಿಸುವಾಗಲೆಂದು ಊಹಿಸುವುದು ಸಹಜ. ಆದರೆ ಅನೇಕರ ನಿದ್ದೆಗೆಡಿಸುವುದು ಕ್ಯಾನೊಪಿಯ ಕೆಲಸ. ಚಾಲಕನ ತಲೆಯ ಮೇಲಿನ ಪಾರದರ್ಶಕ ಗುಮ್ಮಟಕ್ಕೆ ಕ್ಯಾನೊಪಿ ಎಂದು ಹೆಸರು. ನೋಡಲು ಗಾಜಿನಂತಿದ್ದರೂ ಅದು ಗಾಜಲ್ಲ. ಆಕ್ರಿಲಿಕ್ ಎಂಬ ಪ್ಲಾಸ್ಟಿಕ್. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಗಳ ಚಾಲಕರು ಆಕಾಶವನ್ನು ನೋಡಿದ್ದು ಇದರ ಮೂಲಕವೇ. ಗಾಜಿಗಿಂತ ಹಗುರ, ಗಾಜಿನಷ್ಟೇ ನಿರ್ಮಲ. ಆದರೆ ಸ್ವಭಾವದಲ್ಲಿ ಬಲು ಸೂಕ್ಷ್ಮ. ಅಂಚಿನಲ್ಲಿ ಚಿಕ್ಕದೊಂದು ಗೀರು ಬಿದ್ದರೆ ಸಾಕು, ಒತ್ತಡ ಬಿದ್ದಾಗ ಅಲ್ಲಿಂದಲೇ ಬಿರುಕು ಹೊರಟು ಗುಮ್ಮಟದ ಉದ್ದಕ್ಕೂ ಓಡುತ್ತದೆ. ಚಳಿಯಲ್ಲಂತೂ ಇದರ ಪೆಡಸುತನ ಇನ್ನೂ ಹೆಚ್ಚು.

ಕೆಲವು ವಿನ್ಯಾಸಗಳಲ್ಲಿ ಮುಂಭಾಗದ ಗಾಳಿತಡೆ ಸ್ಥಿರವಾಗಿದ್ದು, ಹಿಂಭಾಗದ ಕ್ಯಾನೊಪಿ ಮಾತ್ರ ಹಿಂದಕ್ಕೆ ಜಾರಿ ತೆರೆದುಕೊಳ್ಳುತ್ತದೆ. ಇವೆರಡರ ನಡುವಣ ಸಂದಿನಲ್ಲಿ ಗಾಳಿಯೂ ಮಳೆಯೂ ನುಗ್ಗದಂತೆ ಫೈಬರ್‌ಗ್ಲಾಸಿನ ಕಿರಿದಾದ ಪಟ್ಟಿಯೊಂದನ್ನು ಹೊದಿಸುವುದುಂಟು. ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ರಾಳದಲ್ಲಿ ತೋಯಿಸಿ, ಪದರದ ಮೇಲೆ ಪದರವಾಗಿ ಹಾಸಿ ಒಣಗಲು ಬಿಟ್ಟರೆ ಅದು ಗಟ್ಟಿಯಾದ ಚಿಪ್ಪಾಗುತ್ತದೆ. ಪಟ್ಟಿಯ ಬಾಗು ಕ್ಯಾನೊಪಿಯ ಬಾಗಿಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕಷ್ಟೆ? ಅದಕ್ಕೆ ಸುಲಭೋಪಾಯವೆಂದರೆ ಮುಚ್ಚಿದ ಕ್ಯಾನೊಪಿಯನ್ನೇ ಅಚ್ಚನ್ನಾಗಿ ಮಾಡಿಕೊಂಡು ಅದರ ಮೇಲೆಯೇ ಬಟ್ಟೆ ಹಾಸುವುದು.

ತೊಡಕು ಇರುವುದು ಇಲ್ಲಿಯೇ. ಅದೇ ಪಟ್ಟಿಯ ಮುಂದಿನ ಅರ್ಧ ಗಾಳಿತಡೆಯನ್ನು ಶಾಶ್ವತವಾಗಿ ಹಿಡಿದಿರಬೇಕು. ಹಿಂದಿನ ಅರ್ಧ ಕ್ಯಾನೊಪಿಯನ್ನು ಮುಟ್ಟುವಷ್ಟು ಸಮೀಪವಿದ್ದೂ ಅಂಟಬಾರದು. ಅಂಟಿತೋ, ಕ್ಯಾನೊಪಿ ತೆರೆಯದು. ಬಲವಂತದಿಂದ ಎಳೆದರೆ ಬಹಳ ಬೆಲೆ ಬಾಳುವ ಗುಮ್ಮಟ ಸೀಳೀತು. ಇದು ಬರಿಯ ಹಣದ ಪ್ರಶ್ನೆಯಲ್ಲ. ಅಪಘಾತವಾದಾಗ ಚಾಲಕ ಹೊರಬರಬೇಕಾದ ಬಾಗಿಲೂ ಈ ಕ್ಯಾನೊಪಿಯೇ ಅಲ್ಲವೇ?

ಎಣ್ಣೆ ಸವರದ ತಟ್ಟೆಯಿಂದ ಇಡ್ಲಿಯನ್ನು ಇಡಿಯಾಗಿ ಎಬ್ಬಿಸುವುದು ಎಷ್ಟು ಕಷ್ಟವೆಂಬುದು ಮನೆಮನೆಯ ಅನುಭವ. ಬೆಂದ ಮೇಲೆ ತೋರುವ ಜಾಣ್ಮೆಗಿಂತ ಹಿಟ್ಟು ಹೊಯ್ಯುವ ಮುನ್ನಿನ ಒಂದು ತೊಟ್ಟು ಎಣ್ಣೆ ಮೇಲು. ವಿಮಾನದ ಷೆಡ್ಡಿನಲ್ಲಿಯೂ ಇದೇ ನ್ಯಾಯ. ಅನುಭವಿಯಾದವನು ಮೊದಲು ಎಲ್ಲೆಯನ್ನು ಗುರುತಿಸುತ್ತಾನೆ. ಅಂಟಬೇಕಾದ ಕಡೆ ಉಪ್ಪುಕಾಗದದಿಂದ ಉಜ್ಜಿ ಮೈಯನ್ನು ಒರಟಾಗಿಸುತ್ತಾನೆ. ಅಂಟಬಾರದ ಕಡೆ ನುಣುಪಾದ ಪ್ಯಾಕಿಂಗ್ ಟೇಪನ್ನು ಹಚ್ಚುತ್ತಾನೆ. ಆ ಟೇಪಿನ ಪ್ಲಾಸ್ಟಿಕ್ಕನ್ನು ಎಪಾಕ್ಸಿ ಬಲವಾಗಿ ಹಿಡಿಯಲಾರದು. ಗುಮ್ಮಟದ ಬಾಗಿನ ಮೇಲೆ ಅಗಲವಾದ ಟೇಪು ಸುಕ್ಕುಗಟ್ಟುವುದರಿಂದ ಕಿರಿಯ ತುಂಡುಗಳನ್ನೇ ಜೋಡಿಸುವುದು ಲೇಸು. ಇಲ್ಲವಾದರೆ ಪ್ರತಿಯೊಂದು ಸುಕ್ಕೂ ಫೈಬರ್‌ಗ್ಲಾಸಿನಲ್ಲಿ ಅಚ್ಚೊತ್ತುತ್ತದೆ. ಟೇಪನ್ನು ಎರಡು ಮೂರು ಪದರ ಹಚ್ಚಿದರೆ, ಮುಂದೆ ಅದನ್ನು ಕಿತ್ತಾಗ ಕ್ಯಾನೊಪಿ ಉಜ್ಜದೆ ಜಾರುವಷ್ಟು ತೆರಪೂ ಉಳಿಯುತ್ತದೆ. ಅದರ ಮೇಲೆ ಅಚ್ಚುಮೇಣವನ್ನು ತೆಳುವಾಗಿ ಸವರಿ, ಒಣಗಿದ ಮೇಲೆ ತಿಕ್ಕಿ, ಮತ್ತೆ ಸವರಬೇಕು. ಈ ಮೇಣ ಎಲ್ಲೆಯನ್ನು ದಾಟಿ ಒರಟಾಗಿಸಿದ ಭಾಗಕ್ಕೆ ತಗುಲಿದರೆ, ಹಿಡಿಯಬೇಕಾದುದೂ ಹಿಡಿಯದೆ ಹೋದೀತು.

ರಾಳದ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ಎಂಬ ದ್ರವ ಆಕ್ರಿಲಿಕ್ಕನ್ನು ತಿನ್ನುತ್ತದೆ. ಎಪಾಕ್ಸಿಯಲ್ಲಿ ಆ ಭಯವಿಲ್ಲ. ಚೆಲ್ಲಿದ ರಾಳವನ್ನು ಒರೆಸಲು ಅಸಿಟೋನಿನ ಬಾಟಲಿಗೆ ಕೈ ಚಾಚುವುದು ಇನ್ನೊಂದು ಅಪಾಯ. ಅದು ಸೋಕಿದೆಡೆಯಲ್ಲಿ ನವಿರಾದ ಬಿರುಕುಗಳ ಬಲೆ ಮೂಡಿ, ನಿರ್ಮಲವಾಗಿದ್ದ ಗುಮ್ಮಟ ಮಂಜು ಕವಿದಂತಾಗುತ್ತದೆ. ಹಾಗೆ ಕೆಟ್ಟ ಮೈಯನ್ನು ಮೊದಲಿನಂತೆ ಮಾಡುವುದು ಬಲು ಕಷ್ಟ. ಕ್ಯಾನೊಪಿಯನ್ನು ಕತ್ತರಿಸಿದಾಗ ಉಳಿದ ಚೂರುಗಳನ್ನು ಜೋಪಾನವಾಗಿಟ್ಟುಕೊಂಡು, ಟೇಪು, ಮೇಣ, ರಾಳ ಎಲ್ಲವನ್ನೂ ಮೊದಲು ಅವುಗಳ ಮೇಲೆ ಪರೀಕ್ಷಿಸುವವನೇ ಜಾಣ.

ಇನ್ನು ಬಿಡಿಸುವ ಗಳಿಗೆ. ಮರುದಿನ ಮುಟ್ಟಿದಾಗ ಪಟ್ಟಿ ಗಟ್ಟಿಯಾಗಿದ್ದರೂ ಎಪಾಕ್ಸಿಗೆ ಪೂರ್ಣ ಬಲ ಬರಲು ಹಲವು ದಿನಗಳು ಬೇಕು; ಅವಸರಪಟ್ಟು ಎಬ್ಬಿಸಿದರೆ ಆಕಾರ ಕೆಡುತ್ತದೆ. ಷೆಡ್ಡು ತಣ್ಣಗಿದ್ದರೆ ಅದನ್ನು ಬೆಚ್ಚಗಾಗಿಸಬೇಕು. ಆ ಬಳಿಕ ಮೊದಲ ಕೆಲಸ ಎಳೆಯುವುದಲ್ಲ, ನೋಡುವುದು. ಟೇಪಿನ ಅಂಚನ್ನು ದಾಟಿ ಹರಿದ ರಾಳದ ಹನಿಯೊಂದು ಆಕ್ರಿಲಿಕ್ಕಿನ ಅಂಚನ್ನು ಸುತ್ತಿ ಕೊಕ್ಕೆಯಂತೆ ಹಿಡಿದಿರಬಹುದು. ಅಂಥದನ್ನು ಎಷ್ಟು ಮೇಣವೂ ಬಿಡಿಸಲಾರದು. ಗುರುತಿಸಿ ಸವೆಸಿ ತೆಗೆಯಬೇಕು. ಅನಂತರ ಮರದ ಅಥವಾ ಪ್ಲಾಸ್ಟಿಕ್ಕಿನ ತೆಳುವಾದ ಬೆಣೆಯನ್ನು ಅಂಚಿನಲ್ಲಿ ತೂರಿಸಿ, ಒಂದೇ ಕಡೆ ಮೀಟದೆ, ಬೆರಳಗಲದಷ್ಟು ಬಿಡಿಸಿ ಮುಂದಕ್ಕೆ ಸಾಗಬೇಕು. ಉಕ್ಕಿನ ಸ್ಕ್ರೂಡ್ರೈವರು ಅತ್ತ ಸುಳಿಯಲೇಬಾರದು. ಪಟ್ಟಿ ಬಿಡುವಾಗ ಚಟಚಟನೆ ಸದ್ದಾಗುವುದುಂಟು. ಹೊಸಬನಿಗೆ ಅದು ಕ್ಯಾನೊಪಿ ಒಡೆದ ಸದ್ದೇ ಎನಿಸಿ ಜೀವ ಬಾಯಿಗೆ ಬರುತ್ತದೆ! ಬಹುತೇಕ ಅದು ರಾಳ ಟೇಪಿನಿಂದ ಕಳಚಿಕೊಳ್ಳುವ ಸದ್ದು. ಆದರೂ ಕೈ ತಡೆದು, ದೀಪ ಹಿಡಿದು, ನೋಡಿಯೇ ಮುಂದುವರಿಯಬೇಕು.

ಇಷ್ಟೆಲ್ಲ ಆದ ಮೇಲೆ ಕ್ಯಾನೊಪಿಯನ್ನು ಎರಡು ಕೈಗಳಿಂದ ಹಿಡಿದು ಹಿಂದಕ್ಕೆ ಸರಿಸಿದರೆ, ಒಂದಿಷ್ಟು ಬಿಗಿದು, ಮತ್ತೆ ಸಡಿಲಗೊಂಡು, ಹಳಿಯ ಮೇಲೆ ಮೆಲ್ಲನೆ ಜಾರುತ್ತದೆ. ಪಟ್ಟಿ ಗಾಳಿತಡೆಯ ಮೇಲೆ ಅಲುಗದೆ ನಿಂತಿರುತ್ತದೆ. ಆ ಕ್ಷಣ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಎಂದಾದರೊಂದು ದಿನ ಒಳಗಿನಿಂದ ತಟ್ಟನೆ ತೆರೆಯಬೇಕಾಗಿ ಬಂದಾಗ, ವರ್ಷಗಳ ಹಿಂದೆ ಸಹನೆಯಿಂದ ಹಚ್ಚಿದ ಆ ಟೇಪೂ ಮೇಣವೂ ಒಂದು ಜೀವದ ಬೆಲೆ ಬಾಳುತ್ತವೆ.