ದಾರಿಬುತ್ತಿ ಕಸಿಯದ ಫೋಟೋ

ಮಾಘ ಮಾಸ ಬಂತೆಂದರೆ ನಮ್ಮ ಸೊಲ್ಲಾಪುರದ ಕಡೆಯ ಮನೆಗಳಲ್ಲಿ ಮಕ್ಕಳು ಭಾನುವಾರ ಕ್ಯಾಮರಾ ಹುಡುಕತೊಡಗುತ್ತಾರೆ. ತುಳಜಾಪುರ ರಸ್ತೆಯ ಹಿಪ್ಪರಗಾ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಪುಣೆಯ ದಾರಿಯಲ್ಲಿ ಸುಮಾರು 150 ಕಿ.ಮೀ. ಹೋದರೆ ಉಜನಿ ಹಿನ್ನೀರಿನ ಭಿಗವಣದಲ್ಲಿ ರಾಜಹಂಸಗಳು. ಮರಾಠಿಯವರು ಇವನ್ನು ‘ರೋಹಿತ’ ಎನ್ನುತ್ತಾರೆ. ಹಿಪ್ಪರಗಾ ಕೆರೆಯನ್ನು ಅಂಗಡಿಯ ಬಾಗಿಲು ತೆರೆಯುವ ಮೊದಲೇ ನೋಡಿ ಬರಬಹುದು. ಭಿಗವಣಕ್ಕೆ ಒಂದು ಇಡೀ ದಿನ ಬೇಕು.

ರಾಜಹಂಸ ಉಣ್ಣುವುದನ್ನು ಮಕ್ಕಳಿಗೆ ತೋರಿಸಬೇಕು. ತಲೆ ಕೆಳಗು ಮಾಡಿ, ಕೊಕ್ಕಿನೊಳಗಿನ ಬಾಚಣಿಗೆಯಂಥ ಎಳೆಗಳಿಂದ ನೀರು ಸೋಸುತ್ತದೆ. ನಾವು ಜೀವ ಉಳಿಸಲು ನೀರು ಸೋಸುವವರು, ಅದು ಹೊಟ್ಟೆ ತುಂಬಿಕೊಳ್ಳಲು ಸೋಸುತ್ತದೆ! ಅದರ ಗುಲಾಬಿ ಬಣ್ಣವೂ ಆ ಆಹಾರದಿಂದಲೇ ಬಂದದ್ದು.

ದೋಣಿಯಲ್ಲಿ ಕುಳಿತ ಮೇಲೆ ಒಂದು ಮಾತು ಕೇಳಿಬರುತ್ತದೆ: “ಅಣ್ಣಾ, ಒಮ್ಮೆ ಎಬ್ಬಿಸಿರಿ, ಹಾರುವಾಗ ಫೋಟೋ ಛಲೋ ಬರ್ತದ.” ದೋಣಿಯವನು ಗಿರಾಕಿಯ ಮಾತು ಮೀರುವುದಿಲ್ಲ. ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದವು. ಬೇಸಿಗೆ ಏರುವ ಹೊತ್ತಿಗೆ ತಿರುಗಿ ಹೋಗಬೇಕು. ಈಗ ಮೈಯಲ್ಲಿ ಕೂಡಿಸಿಕೊಳ್ಳುವ ಕೊಬ್ಬೇ ಅವುಗಳ ದಾರಿಬುತ್ತಿ. ರಾಜಹಂಸ ಏಳಬೇಕಾದರೆ ನೀರಿನ ಮೇಲೆ ದೂರ ಓಡಬೇಕು. ಪ್ರತಿ ಸಲ ಎಬ್ಬಿಸಿದಾಗಲೂ ಆ ಗಂಟಿನಿಂದ ಒಂದಿಷ್ಟು ಕರಗುತ್ತದೆ. ಒಂದು ದೋಣಿಯವರು ಎಬ್ಬಿಸಿದರೆ ಇಷ್ಟೇ ಅಲ್ಲವೇ ಎನ್ನಬಹುದು. ಆದರೆ ಭಾನುವಾರ ಬರುವ ದೋಣಿಗಳೆಷ್ಟು? ವ್ಯಾಪಾರಿಗಳಾದ ನಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಶ್ರಾವಕರ ವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಯಾವ ಪ್ರಯೋಜನವೂ ಇಲ್ಲದೆ ಜೀವಿಗಳಿಗೆ ಕೊಡುವ ಪೀಡೆಯನ್ನು ಬಿಡುವುದು. ಫೋಟೋಕ್ಕಾಗಿ ಹಕ್ಕಿ ಎಬ್ಬಿಸುವುದನ್ನು ಇದರಿಂದ ಹೊರಗಿಡಲು ನನಗೆ ದಾರಿ ಕಾಣುವುದಿಲ್ಲ.

ಕಡಲಹಕ್ಕಿಗಳಿಗೆ ಶೇವು ಎಸೆಯುವುದನ್ನು ಕೆಲವರು ಜೀವದಯೆ ಎಂದೇ ತಿಳಿದಿದ್ದಾರೆ. ಮಾಳಿಗೆಯ ಮೇಲೆ ಪಾರಿವಾಳಗಳಿಗೆ ಜೋಳ ಹಾಕುವ ಅಭ್ಯಾಸ ನಮ್ಮದು, ಆದ್ದರಿಂದ ಹಾಗೆ ತೋರುವುದು ಸಹಜ. ಆದರೆ ಎಣ್ಣೆಯಲ್ಲಿ ಕರಿದ ಉಪ್ಪು-ಖಾರದ ತಿನಿಸು ಆ ಹಕ್ಕಿಯ ಆಹಾರವಲ್ಲ. ಅಲ್ಲಿ ಹಸಿವು ಕ್ಯಾಮರಾದ್ದು.

ಒಳ್ಳೆಯ ಚಿತ್ರಕ್ಕೆ ಇದಾವುದೂ ಬೇಕಿಲ್ಲ. ಬೆಳಕು ಹರಿಯುವ ಮುನ್ನ ತಲುಪಿ, ಸೂರ್ಯ ಬೆನ್ನಿಗೆ ಬರುವಂತೆ ದಡದಲ್ಲಿ ತಗ್ಗಾಗಿ ಕುಳಿತುಕೊಳ್ಳಿ. ನಡೆಯುವಾಗ ನೆಲ ನೋಡಿ ನಡೆಯಿರಿ. ದಡದ ಕೆಸರಿನಲ್ಲಿಯೂ ಜೀವಗಳಿವೆ. ಬಿಳಿ ಹಕ್ಕಿಗೆ ಬೆಳಕು ತುಸು ಕಡಿಮೆ ಇಡಿ, ಇಲ್ಲವಾದರೆ ಗರಿಗಳ ಗೆರೆ ಅಳಿಸಿಹೋಗುತ್ತದೆ. ಹಾರಾಟಕ್ಕೆ ಶಟರ್ ವೇಗ 1/1000ಕ್ಕಿಂತ ಹೆಚ್ಚಿರಲಿ. ಬಾತುಗಳು ಮೇಯುವುದನ್ನು ಬಿಟ್ಟು ಒಟ್ಟಿಗೇ ಕುತ್ತಿಗೆ ಎತ್ತಿದರೆ ನೀವು ಹತ್ತಿರ ಬಂದದ್ದು ಹೆಚ್ಚಾಯಿತೆಂದೇ ಅರ್ಥ. ಅಲ್ಲಿಯೇ ನಿಲ್ಲಿ, ಸಾಧ್ಯವಾದರೆ ಹಿಂದೆ ಸರಿಯಿರಿ. ಡ್ರೋನ್ ಬೇಡವೇ ಬೇಡ.

ಹಕ್ಕಿಗಳು ತಾವಾಗಿಯೇ ಏಳುತ್ತವೆ, ಕಾಯಬೇಕಷ್ಟೆ. ಅರ್ಧ ಗಂಟೆಯಲ್ಲಿ ಹುಡುಗರಿಗೆ ಬೇಸರ ಬಂದೀತು. ಆ ಹೊತ್ತಿಗೆ ಸೂರ್ಯೋದಯವಾಗಿರುತ್ತದೆ, ಬುತ್ತಿ ಬಿಚ್ಚಲು ಅಡ್ಡಿಯಿಲ್ಲ.