ಕೌಶಲ ಪರೀಕ್ಷೆ ರದ್ದಾಯಿತು, ಅಂಕದ ಭಾರ ಹೆಚ್ಚಿತು

ಬೆಂಗಳೂರು: ಅಮೆರಿಕದಲ್ಲಿ ವೈದ್ಯವೃತ್ತಿ ಕೈಗೊಳ್ಳಬಯಸುವ ನಮ್ಮ ಎಂಬಿಬಿಎಸ್ ಪದವೀಧರರು ಎದುರಿಸಬೇಕಾದ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇ. ಅದರ ಎರಡನೇ ಹಂತದಲ್ಲಿ ಹಿಂದೆ ಎರಡು ಭಾಗಗಳಿದ್ದವು: ಕ್ಲಿನಿಕಲ್ ಜ್ಞಾನವನ್ನು ಅಳೆಯುವ ಸಿಕೆ, ಕೌಶಲವನ್ನು ಅಳೆಯುವ ಸಿಎಸ್. ಇಂದು ಉಳಿದಿರುವುದು ಸಿಕೆ ಮಾತ್ರ.

2004ರಲ್ಲಿ ಆರಂಭವಾದ ಸಿಎಸ್‌ಗೆ ಅಮೆರಿಕದ ಐದು ನಗರಗಳಲ್ಲಷ್ಟೇ ಕೇಂದ್ರಗಳಿದ್ದವು. ಒಂದೇ ದಿನ ಹನ್ನೆರಡು 'ರೋಗಿಗಳು'. ಎಲ್ಲರೂ ತರಬೇತಿ ಪಡೆದ ಪಾತ್ರಧಾರಿಗಳು. ಪ್ರತಿಯೊಬ್ಬರಿಗೂ 15 ನಿಮಿಷ, ಬಳಿಕ ಟಿಪ್ಪಣಿಗೆ 10 ನಿಮಿಷ. ಬಾಗಿಲು ತಟ್ಟಿ ಒಳಹೋಗಿ, ಹೆಸರು ಹೇಳಿ, ಕೈ ತೊಳೆದು, ನೋವಿನ ಮಾತು ಕೇಳಿ ತಪಾಸಣೆ ನಡೆಸಬೇಕಿತ್ತು. ನಮ್ಮ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗದ ಧಾವಂತದಲ್ಲಿ ಪಳಗಿದವರಿಗೆ ಈ ನಿಧಾನವೇ ಕಠಿಣ. ಶುಲ್ಕವೇ ಸಾವಿರ ಡಾಲರ್ ಮೀರಿತ್ತು. ವೀಸಾ, ವಿಮಾನದ ಖರ್ಚು ಬೇರೆ.

ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಸ್ಥಗಿತಗೊಂಡ ಸಿಎಸ್ ಅನ್ನು 2021ರ ಜನವರಿಯಲ್ಲಿ ಕೈಬಿಡಲಾಯಿತು. ಹಣ ಉಳಿಯಿತೆಂಬ ಸಮಾಧಾನ ಹೆಚ್ಚು ದಿನ ಬಾಳಲಿಲ್ಲ. 2022ರ ಜನವರಿಯಿಂದ ಮೊದಲ ಹಂತದ ಫಲಿತಾಂಶದಲ್ಲಿ ಅಂಕವೂ ಇಲ್ಲವಾಗಿ, ಪಾಸು–ನಪಾಸು ಮಾತ್ರ ಉಳಿಯಿತು. ರೆಸಿಡೆನ್ಸಿ ಅರ್ಜಿಗಳನ್ನು ಜರಡಿ ಹಿಡಿಯುವ ಆಸ್ಪತ್ರೆಗಳ ಕಣ್ಣು ಸಹಜವಾಗಿಯೇ ಸಿಕೆ ಅಂಕದತ್ತ ತಿರುಗಿತು. 2025ರ ಜುಲೈಯಿಂದ ತೇರ್ಗಡೆಗೆ ಬೇಕಾದದ್ದು 218; ಸ್ಪರ್ಧೆಗೆ ಅಷ್ಟು ಸಾಲದು. ಕಡಿಮೆ ಅಂಕದಲ್ಲಿ ಪಾಸಾದವರು ಮತ್ತೆ ಬರೆಯುವಂತೆಯೂ ಇಲ್ಲ. ಅದಕ್ಕಿಂತ ಕ್ರೂರ ನಿಯಮ ಇನ್ನೊಂದಿಲ್ಲ.

ತಯಾರಿ ಎಂದರೆ ಪಠ್ಯದ ಕಂಠಪಾಠವಲ್ಲ. ರೋಗಿಯ ವೃತ್ತಾಂತ ಕೊಟ್ಟು, ಮುಂದಿನ ಕ್ರಮ ಯಾವುದೆಂದು ಪ್ರಶ್ನೆ ಕೇಳುತ್ತದೆ. ಉತ್ತರ ಅಮೆರಿಕದ ಪದ್ಧತಿಯಂತಿರಬೇಕು. ಲಕ್ಷಣವೇ ಇಲ್ಲದ 45 ವರ್ಷದವರಿಗೂ ಅಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಗೆ ಶಿಫಾರಸು ಇದೆ; ನಮ್ಮ ವಾರ್ಡ್‌ಗಳಲ್ಲಿ ಆ ರೂಢಿಯಿಲ್ಲ. ಹೀಗಾಗಿ ಹಗಲು ಇಂಟರ್ನ್‌ಶಿಪ್‌ನಲ್ಲಿ ಕಲಿತದ್ದನ್ನು ರಾತ್ರಿ ಪ್ರಶ್ನೆಕೋಶದ ಮುಂದೆ ತಿದ್ದಿಕೊಳ್ಳಬೇಕು.

ಕೌಶಲದ ಪುರಾವೆಯಿಂದಲೂ ಬಿಡುಗಡೆಯಿಲ್ಲ. ವಿದೇಶಿ ಪದವೀಧರರನ್ನು ಪ್ರಮಾಣೀಕರಿಸುವ ಇಸಿಎಫ್‌ಎಂಜಿ, ಇಂಗ್ಲಿಷ್ ಸಂವಹನಕ್ಕೆ ಓಇಟಿ ಪರೀಕ್ಷೆಯನ್ನೂ ಕೌಶಲಕ್ಕೆ ಪರ್ಯಾಯ ಮಾರ್ಗಗಳನ್ನೂ ವಿಧಿಸಿದೆ. ಅಮೆರಿಕದ ವೈದ್ಯರ ಶಿಫಾರಸು ಪತ್ರಕ್ಕಾಗಿ ಅಲ್ಲಿನ ಆಸ್ಪತ್ರೆಯಲ್ಲಿ ಕೆಲವು ವಾರ ಕಳೆಯಹೊರಟರೆ, ಉಳಿಯಿತೆಂದುಕೊಂಡ ವೀಸಾ, ವಿಮಾನದ ಖರ್ಚು ಹಿಂಬಾಗಿಲಿನಿಂದ ಮರಳುತ್ತದೆ.

ಇತ್ತ ಭಾರತ ಹೊರಟದ್ದು ವಿರುದ್ಧ ದಿಕ್ಕಿಗೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನೆಕ್ಸ್ಟ್ ನಿಯಮಾವಳಿಯಲ್ಲಿ ಎರಡನೇ ಹಂತವೇ ಪ್ರಾಯೋಗಿಕ ಪರೀಕ್ಷೆ. ಅದೇ ಜುಲೈಯಲ್ಲಿ ನೆಕ್ಸ್ಟ್ ಅನ್ನು ಮುಂದೂಡಲಾಯಿತು.