ಬದಲಾಯಿಸುವುದೇ ದುರಸ್ತಿಯಲ್ಲ

ಮೋಟಾರು ಸೈಕಲ್ಲಿನ ಕಾರ್ಬ್ಯುರೇಟರಿನಿಂದ ಪೆಟ್ರೋಲು ಸೋರುತ್ತಿದೆ ಎಂದು ಹೇಳಿ ನೋಡಿ. "ಕಾರ್ಬ್ಯುರೇಟರ್ ಹೋಗಿದೆ ಸಾರ್, ಹೊಸದು ಹಾಕಬೇಕು" ಎಂಬ ಉತ್ತರ ಗಾಡಿಯನ್ನು ಮುಟ್ಟುವ ಮೊದಲೇ ಬಂದುಬಿಡುತ್ತದೆ. ಎಲ್ಲಿಂದ ಸೋರುತ್ತಿದೆ, ಯಾವಾಗ ಸೋರುತ್ತಿದೆ ಎಂದು ಕೇಳುವ ವ್ಯವಧಾನ ಅನೇಕರಿಗಿಲ್ಲ. ರೋಗಿಯನ್ನು ಪರೀಕ್ಷಿಸದೆ ಔಷಧಿ ಬರೆಯುವ ವೈದ್ಯನನ್ನು ಒಪ್ಪದ ನಾವು, ಯಂತ್ರದ ವಿಷಯದಲ್ಲಿ ಮಾತ್ರ ಇದನ್ನು ಏಕೆ ಸಹಿಸಬೇಕು?

ಈ ಅನ್ಯಾಯದ ಹೊರೆ ಬೀಳುವುದು ಯಾರ ಮೇಲೆ ಎಂಬುದನ್ನೂ ಯೋಚಿಸಬೇಕು. 2020ರ ಏಪ್ರಿಲ್ 1ರಂದು ಬಿ.ಎಸ್.-6 ನಿಯಮ ಜಾರಿಗೆ ಬಂದ ಮೇಲೆ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಬಹುಪಾಲು ಫ್ಯೂಯಲ್ ಇಂಜೆಕ್ಷನ್ ವ್ಯವಸ್ಥೆಗೆ ಬದಲಾದವು. ಕಾರ್ಬ್ಯುರೇಟರಿನ ಹಳೆಯ ಗಾಡಿಯನ್ನೇ ನಂಬಿ ಬದುಕುತ್ತಿರುವವರಲ್ಲಿ ಹಾಲಿನ ಕ್ಯಾನು ಸಾಗಿಸುವವರು, ಸೊಪ್ಪು ಮಾರುವವರು, ದಿನಗೂಲಿಗೆ ಹೋಗುವವರು ಇದ್ದಾರೆ. ಅವರಿಗೆ ಅನಗತ್ಯವಾದ ಒಂದು ಬಿಡಿಭಾಗವೆಂದರೆ ಕೆಲವು ದಿನಗಳ ದುಡಿಮೆ.

ಕಾರ್ಬ್ಯುರೇಟರಿನ ಕೆಳಭಾಗದಲ್ಲಿರುವ ಬಟ್ಟಲು ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿನಂತೆಯೇ ಕೆಲಸ ಮಾಡುತ್ತದೆ. ಪೆಟ್ರೋಲು ತುಂಬಿದಂತೆ ಒಳಗಿನ ಫ್ಲೋಟು ತೇಲಿ ಮೇಲೇರುತ್ತದೆ. ಮೇಲೇರಿ ಒಂದು ಸಣ್ಣ ಸೂಜಿಯನ್ನು ಒತ್ತಿ ಪೆಟ್ರೋಲು ಬರುವ ದಾರಿಯನ್ನು ಮುಚ್ಚುತ್ತದೆ. ಇದು ಪ್ರೌಢಶಾಲೆಯ ಆರ್ಕಿಮಿಡೀಸನ ತತ್ತ್ವವಲ್ಲದೆ ಬೇರೇನೂ ಅಲ್ಲ. ಆ ತತ್ತ್ವವನ್ನು ಬಾಯಿಪಾಠ ಒಪ್ಪಿಸಿ ಪೂರ್ಣಾಂಕ ಪಡೆದ ಪದವೀಧರನೇ ತನ್ನ ಗಾಡಿಯ ಮುಂದೆ ಕೈಕಟ್ಟಿ ನಿಂತು ಕೇಳಿದಷ್ಟು ಹಣ ತೆರುತ್ತಾನೆ. ಬರೆಯುವ ಕೈಯೇ ಬೇರೆ, ದುಡಿಯುವ ಕೈಯೇ ಬೇರೆ ಎಂದು ನಂಬಿಸಿದ ಶಿಕ್ಷಣದ ಫಲವಿದು.

ಪರೀಕ್ಷಿಸುವ ಕ್ರಮವಾದರೂ ಎಷ್ಟು ಸರಳ! ಎಂಜಿನ್ನು ತಣ್ಣಗಾದ ಮೇಲೆ, ಬಯಲಿನಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ. ಕಾರ್ಬ್ಯುರೇಟರನ್ನು ಬಟ್ಟೆಯಿಂದ ಒಣಗುವಂತೆ ಒರೆಸಿ, ಪೆಟ್ರೋಲಿನ ನಲ್ಲಿಯನ್ನು ತಿರುಗಿಸಿ, ಮೊದಲು ಒದ್ದೆಯಾಗುವ ಜಾಗ ಯಾವುದೆಂದು ನೋಡಿ. ಕೊಳವೆಯ ತುದಿಯಾದರೆ ಕೊಳವೆ ಬಿರಿದಿದೆ ಅಥವಾ ಕ್ಲಿಪ್ಪು ಸಡಿಲವಾಗಿದೆ. ಬಟ್ಟಲಿನ ಕೂಡುಗೆರೆಯಾದರೆ ಗ್ಯಾಸ್ಕೆಟ್ಟಿನ ದೋಷ. ತಳದ ಡ್ರೈನ್ ಸ್ಕ್ರೂ ಆದರೆ ಅದನ್ನು ಬಿಗಿಗೊಳಿಸಬೇಕು. ಹೆಚ್ಚಾದ ಪೆಟ್ರೋಲು ಹೊರಹೋಗುವ ಕೊಳವೆಯಿಂದಲೇ ತೊಟ್ಟಿಕ್ಕುತ್ತಿದ್ದರೆ ಸಾಮಾನ್ಯವಾಗಿ ಸೂಜಿ ಸರಿಯಾಗಿ ಮುಚ್ಚುತ್ತಿಲ್ಲವೆಂದು ಅರ್ಥ. ಆಗ ಬಟ್ಟಲನ್ನು ಬಿಚ್ಚಿ, ಸೂಜಿಯ ಆಸನದಲ್ಲಿ ಕಸ ಕೂತಿದೆಯೇ, ಸೂಜಿಯ ತುದಿಯಲ್ಲಿ ಸವೆದ ಉಂಗುರದ ಗುರುತಿದೆಯೇ, ಫ್ಲೋಟನ್ನು ಅಲುಗಿಸಿದಾಗ ಒಳಗೆ ಪೆಟ್ರೋಲು ಕುಲುಕುತ್ತದೆಯೇ, ಅದರ ಮಟ್ಟ ಸರಿಯಾಗಿದೆಯೇ ಎಂದು ನೋಡಬೇಕು. ನಾಲ್ಕು ಸ್ಟ್ರೋಕಿನ ಗಾಡಿಯಾದರೆ ಎಂಜಿನ್ ಆಯಿಲನ್ನೂ ಮೂಸಿ ನೋಡುವುದೊಳಿತು. ಪೆಟ್ರೋಲಿನ ವಾಸನೆ ಬಂದರೆ ಸೋರಿಕೆ ಒಳಗೂ ಇಳಿದು ಆಯಿಲನ್ನು ತೆಳ್ಳಗೆ ಮಾಡಿದೆ. ಅದನ್ನು ಬದಲಾಯಿಸದೆ ಓಡಿಸಬಾರದು.

"ಇಷ್ಟೆಲ್ಲ ನೋಡಲು ಸಮಯವೆಲ್ಲಿದೆ, ಗಿರಾಕಿಗಳೇ ಅವಸರ ಮಾಡುತ್ತಾರೆ" ಎಂಬ ವಾದ ಉಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಕವಚ ಬಿರಿದು, ಕಳಚಲಾಗದ ಆಸನ ಸವೆದು, ಇಡೀ ಕಾರ್ಬ್ಯುರೇಟರನ್ನೇ ಬದಲಾಯಿಸಬೇಕಾದ ಸಂದರ್ಭಗಳೂ ಇರುತ್ತವೆ. ಆದರೆ ಅದು ಪರೀಕ್ಷೆಯ ಕೊನೆಯಲ್ಲಿ ಬರಬೇಕಾದ ತೀರ್ಮಾನ, ಆರಂಭದಲ್ಲಿ ಅಲ್ಲ. ಮೇಲಾಗಿ, ಸೂಜಿಗೆ ಸಿಕ್ಕಿಕೊಂಡದ್ದು ಟ್ಯಾಂಕಿನ ತುಕ್ಕಾಗಿದ್ದರೆ ಹೊಸ ಕಾರ್ಬ್ಯುರೇಟರಿಗೂ ಅದೇ ತುಕ್ಕು ಇಳಿದು ಅದೂ ಸೋರತೊಡಗುತ್ತದೆ. ಎಥನಾಲ್ ಬೆರೆತ ಇಂಧನಕ್ಕೆ ಹಳೆಯ ಗಾಡಿಗಳ ಕೆಲವು ಬಗೆಯ ರಬ್ಬರು ಉಬ್ಬಿ ಕೆಡುತ್ತದೆ; ಅಲ್ಲಿಯೂ ಬೇಕಾದದ್ದು ತಕ್ಕ ರಬ್ಬರಿನ ಭಾಗವೇ ಹೊರತು ಇಡೀ ಕಾರ್ಬ್ಯುರೇಟರಲ್ಲ. ಕಾರಣವನ್ನು ಬಿಟ್ಟು ಭಾಗವನ್ನು ಬದಲಾಯಿಸುವವನು ಸಮಯವನ್ನು ಉಳಿಸುವುದಿಲ್ಲ. ಗಿರಾಕಿಯನ್ನು ಮತ್ತೊಮ್ಮೆ ಬರಮಾಡಿಕೊಳ್ಳುತ್ತಾನೆ, ಅಷ್ಟೆ.

ಶ್ರದ್ಧೆಯಿಂದ ದುಡಿಯುವ ಮೆಕ್ಯಾನಿಕ್ಕುಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಬಿಡಿಭಾಗಕ್ಕೆ ಮರುಮಾತಿಲ್ಲದೆ ಹಣ ತೆತ್ತು, ಪತ್ತೆಹಚ್ಚುವ ಶ್ರಮದ ಕೂಲಿಗೆ ಮಾತ್ರ ಚೌಕಾಸಿಗಿಳಿಯುವ ನಾವೇ ಅವರನ್ನು ಸೋಲಿಸುತ್ತಿದ್ದೇವೆ. ಅರ್ಧ ಗಂಟೆ ಬಗ್ಗಿ ನೋಡಿ ಒಂದು ಚೂರು ಕಸವನ್ನು ತೆಗೆದವನಿಗೆ ಸಂತೋಷದಿಂದ ಕೂಲಿ ಕೊಡಿ. ಆತ ಮಾರಿದ್ದು ವಸ್ತುವನ್ನಲ್ಲ, ವಿದ್ಯೆಯನ್ನು. "ಹೊಸದು ಹಾಕಬೇಕು" ಎಂದವನಿಗೆ ಮಾತ್ರ, "ಎಲ್ಲಿಂದ ಸೋರುತ್ತಿದೆ, ತೋರಿಸಪ್ಪಾ" ಎಂದು ಕೇಳುವುದನ್ನು ಮರೆಯದಿರಿ.